ಎಡಗಾಲಿನ ಬ್ರೇಕು

ಹುಲಿಗಿ ಹುಣ್ಣಿಮೆ ಹತ್ತಿರ ಬಂತೆಂದರೆ ಅಪ್ಪ ಬುಲೆಟ್ಟನ್ನು ಹಿಟ್ನಾಳ ಕ್ರಾಸಿನ ಮಿಸ್ತ್ರಿ ಕಾಕಾನ ಮುಂದೆ ತಂದು ನಿಲ್ಲಿಸುತ್ತಿದ್ದ. ಹುಲಿಗೆಮ್ಮನ ಗುಡಿಗೆ ಹೊರಟ ಮಂದಿ, ಬಂಡಿ, ಟ್ರ್ಯಾಕ್ಟರು ರಸ್ತೆ ತುಂಬ. ಯಾವ ಕೂಸು ಅವ್ವನ ಕೈ ಬಿಡಿಸಿಕೊಂಡು ಯಾವಾಗ ಅಡ್ಡ ಓಡುತ್ತದೋ ಹೇಳಬರುವುದಿಲ್ಲ. ಬೇರೆ ದಿನ ಎಂಜಿನ್ನಿನ ಗುಡುಗು ಕೇಳಿ ಮೀಸೆ ತಿರುವುವ ಅಪ್ಪನಿಗೆ ಆಗ ಬ್ರೇಕಿನದೇ ಚಿಂತೆ.

ಆ ಗಾಡಿಯ ಸಂಸಾರವೇ ಉಲ್ಟಾ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಜೋಡಿಸತೊಡಗಿದ ಕಾಲದಿಂದ ನಡೆದುಬಂದ ಪದ್ಧತಿ. ಹಿಂದಿನ ಬ್ರೇಕಿಗೆ ಎಣ್ಣೆಯಿಲ್ಲ, ನಳಿಕೆಯಿಲ್ಲ. ಪೆಡಲಿನಿಂದ ಗಾಲಿಯ ತನಕ ಒಂದು ರಾಡು, ಅದರ ತುದಿಗೆ ಒಂದು ನಟ್ಟು. ತುಳಿದರೆ ರಾಡು ಜಗ್ಗುತ್ತದೆ, ಡ್ರಮ್ಮಿನೊಳಗೆ ಕ್ಯಾಮ್ ಹೊರಳಿ ಎರಡು ಶೂಗಳನ್ನು ಅಗಲಿಸುತ್ತದೆ. ಇಷ್ಟೇ. ಇಷ್ಟಕ್ಕೇ ಅರ್ಧ ದಿನ ಹೋಗುತ್ತಿತ್ತು.

ಬ್ರೇಕು ಹತ್ತುತ್ತಿಲ್ಲ ಎಂದರೆ ನಟ್ಟಿಗೆ ಎರಡು ಸುತ್ತು ಕೊಟ್ಟು ರೊಕ್ಕ ಎಣಿಸಿಕೊಳ್ಳುವವರು ಬೇರೆ ಇದ್ದರು. ಕಾಕಾ ಡಬಲ್ ಸ್ಟ್ಯಾಂಡ್ ಹಾಕಿಸಿ ಮೊದಲು ಚೈನು ನೋಡುತ್ತಿದ್ದ. ಚೈನು ಬಿಗಿ ಮಾಡಿದರೆ ಗಾಲಿ ಹಿಂದೆ ಸರಿಯುತ್ತದೆ, ಗಾಲಿ ಸರಿದರೆ ರಾಡು ಜಗ್ಗಿ ಬ್ರೇಕು ತಾನೇ ಹಿಡಿಯುತ್ತದೆ. ಹಾಗಾಗಿ ಬ್ರೇಕಿನ ಸರದಿ ಆಮೇಲೆ. ಗಾಲಿ ತಿರುವುವ ಕೆಲಸ ನನ್ನದು. ಕಾಕಾ ಪಾನಾ ಹಿಡಿದು ನಟ್ಟು ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ಒಳಗಿಂದ ಸಣ್ಣಗೆ ಉಜ್ಜುವ ಸಪ್ಪಳ. ಇಡೀ ಸುತ್ತಿಗೆ ಬಂದರೆ ಶೂ ಮುಟ್ಟಿದೆ, ನಟ್ಟನ್ನು ಒಂಚೂರು ಹಿಂದೆ ಬಿಡಬೇಕು. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಬಂದರೆ ಡ್ರಮ್ಮು ದುಂಡಗೆ ಉಳಿದಿಲ್ಲ.

"ಕಣ್ಣು ನಟ್ಟಿಗಿಡಬ್ಯಾಡ ತಮ್ಮಾ, ಕಿವಿ ಗಾಲಿಗಿಡು" ಎನ್ನುತ್ತಿದ್ದ.

ಶೂ ಒಂದೇ ಮಗ್ಗುಲಿಗೆ ತಾಗುತ್ತಿದೆ ಅನಿಸಿದರೆ ಆಕ್ಸಲ್ ನಟ್ಟು ಸಡಿಲಿಸಿ, ಅಪ್ಪನಿಂದ ಬ್ರೇಕು ಗಟ್ಟಿಯಾಗಿ ತುಳಿಸಿ, ತುಳಿದಿರುವಾಗಲೇ ನಟ್ಟು ಬಿಗಿಯುತ್ತಿದ್ದ. ಶೂಗಳು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತಿದ್ದವು. ಡ್ರಮ್ಮು ಬಿಚ್ಚಿದ ದಿನ ಒಳಗಿನ ಕರಿ ಧೂಳನ್ನು ಬಾಯಿಂದಲೇ ಊದಿ ಹಾರಿಸುವುದು. ಆ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಯಾರಿಗೆ ಗೊತ್ತಿತ್ತು?

ಕಾಕಾ ಹೋದ. ರಸ್ತೆ ಅಗಲವಾದಾಗ ಅವನ ತಗಡಿನ ಶೆಡ್ಡೂ ಹೋಯಿತು. ಈಗ ಅಲ್ಲಿ 50 ಮತ್ತು 67ನೇ ಹೆದ್ದಾರಿಗಳು ಕೂಡುತ್ತವೆ. ನಿಂತು ಮಾತಾಡುವ ಜಾಗ ಅಲ್ಲ. ಹೊಸ ಬುಲೆಟ್ಟುಗಳಲ್ಲಿ ಬ್ರೇಕೂ ಬಲಗಾಲಿಗೆ ಸರಿಯಿತು, 2019ರಿಂದ ಅವಕ್ಕೆ ಎಬಿಎಸ್ ಕಡ್ಡಾಯವಾಯಿತು. ಒಳ್ಳೆಯದೇ. ಹುಣ್ಣಿಮೆಯ ಕೂಸುಗಳ ಪಾಲಿಗಂತೂ ಒಳ್ಳೆಯದೇ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಗೇಟಿನ ಕೆಲಸದಲ್ಲೇ ಹಣ್ಣಾದ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿದರು. ಆ ವಾರವೆಲ್ಲ ನಮ್ಮೂರ ಚಾದಂಗಡಿಯಲ್ಲಿ ಒಂದೇ ಮಾತು: "ಕಡೀಕ ಹಳೇ ಕೈನ ಬೇಕಾತು ನೋಡ್ರಿ." ನನಗೆ ಕಾಕಾನ ಪಾನಾ ನೆನಪಾಗಿ ಚಾ ಆರಿಹೋಯಿತು.

ಅಪ್ಪ ತೀರಿಕೊಂಡ ಮೇಲೆ ಬುಲೆಟ್ಟಿನ ಹಿಂದಿನ ಬ್ರೇಕು ಕಿರುಗುಡತೊಡಗಿತು. ಹೊಸ ಶೂ ಹಾಕಿಸಿದೆ, ಅಂಚು ಉಜ್ಜಿಸಿದೆ. ಗಾಲಿ ತಿರುವಿ ಕಿವಿಯಿಟ್ಟರೆ ಸಪ್ಪಳ ಕೇಳಿಸುತ್ತದೆ. ಅದು ಏನನ್ನುತ್ತದೆಂದು ತಿಳಿಯುವುದಿಲ್ಲ.

ಈಚೆಗೆ ಹಳೇ ಗಾಡಿಗಳ ಹುಚ್ಚಿನ ಹುಡುಗನೊಬ್ಬ ಬೆಂಗಳೂರಿನಿಂದ ಬಂದು ಒಳ್ಳೇ ರೇಟು ಹೇಳಿದ. ನಾನು ಸುಮ್ಮನಿದ್ದೆ. ಅವ್ವ ಅಂಗಳಕ್ಕೆ ಬಂದು ಅವನ ಬೂಟುಗಳನ್ನೇ ಒಂದು ಗಳಿಗೆ ನೋಡಿದಳು.

"ಯಪ್ಪಾ, ಇದರ ಬ್ರೇಕು ಎಡಗಾಲಿಗೈತಿ. ರೊಕ್ಕದ ಮಾತು ಆಮ್ಯಾಲ. ಮೊದಲ ಒಂದು ಸುತ್ತು ಹೊಡದು ತೋರ್ಸು."