ಶೋಲೆ ನೋಡುದ್ರಾ ಸಾಬ್ರೇ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಒಂದು ಟೀ ಅಂಗಡಿಯಿದೆ. ಬೆಳಗಿನ ಹರಾಜು ಮುಗಿದ ಮೇಲೆ ಅಲ್ಲಿ ನಾಲ್ಕೈದು ಜನ ಸೇರುತ್ತೇವೆ. ಹಳ್ಳಿಯಿಂದ ಗೂಡು ತರುವ ಗೌಡರು, ನಿವೃತ್ತರಾದ ಮೇಷ್ಟ್ರು, ಆಟೋ ಓಡಿಸುವ ಒಬ್ಬ ಹುಡುಗ, ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಮಾತು ಸೇರಿಸುವ ಅಂಗಡಿಯ ಚಾಚಾ ಮತ್ತು ನಾನು. ಗೂಡಿನ ದರದಿಂದ ಶುರುವಾದ ಮಾತು ಹತ್ತೇ ನಿಮಿಷದಲ್ಲಿ ಸಿನಿಮಾಕ್ಕೆ ಬಂದು ನಿಲ್ಲುತ್ತದೆ. ಯಾರು ಏನು ನೋಡಿದರು, ಎಲ್ಲಿ ನಕ್ಕರು, ಎಲ್ಲಿ ನಿದ್ದೆ ಬಂತು, ಕೊಟ್ಟ ಕಾಸು ದಕ್ಕಿತೋ ಇಲ್ಲವೋ. ಎರಡನೇ ಟೀ ಬರುವಷ್ಟರಲ್ಲಿ ಎಲ್ಲರೂ ತಮ್ಮ ತೀರ್ಪು ಕೊಟ್ಟಿರಬೇಕು ಎಂಬುದು ನಮ್ಮ ನಡುವೆ ಯಾರೂ ಬರೆಯದ ಕಾನೂನು.

ನಮ್ಮ ಊರಿನವರಿಗೆ ಸಿನಿಮಾದ ಬಗ್ಗೆ ಮಾತಾಡುವ ಹಕ್ಕು ಸ್ವಲ್ಪ ಹೆಚ್ಚೇ ಇದೆ ಎಂದು ನಾವು ನಂಬಿದ್ದೇವೆ. ಅದಕ್ಕೆ ಕಾರಣ ‘ಶೋಲೆ’. 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿಯವರ ತಂಡ ಇಲ್ಲಿಗೆ ಬಂದು ರಾಮದೇವರಬೆಟ್ಟದ ಬುಡದಲ್ಲಿ ರಾಮಗಢವೆಂಬ ಇಡೀ ಹಳ್ಳಿಯನ್ನೇ ಕಟ್ಟಿತು. ಠಾಕೂರನ ಹವೇಲಿ, ನೀರಿನ ಟ್ಯಾಂಕು, ಒಂದು ಮಸೀದಿ, ಗುಡಿ ಎಲ್ಲವೂ ಅಲ್ಲಿ ಎದ್ದುನಿಂತವು. ಅಲ್ಲಿಗೆ ಹೋಗಲು ರಸ್ತೆಯನ್ನೂ ಮಾಡಿದರು. ಸಿನಿಮಾ ಬಿಡುಗಡೆಯಾಗಿದ್ದು 1975ರ ಆಗಸ್ಟ್ 15ರಂದು. ಕಟ್ಟಿದ ಹಳ್ಳಿ ಈಗ ಇಲ್ಲ. ಬೆಟ್ಟ ಮಾತ್ರ ಇದೆ. 2012ರಲ್ಲಿ ಅದನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಗಬ್ಬರ್ ಸಿಂಗ್ ಅಬ್ಬರಿಸಿದ ಬಂಡೆಗಳ ಮೇಲೆ ಈಗ ಹದ್ದುಗಳ ಸಂಸಾರ.

ನನ್ನ ಅಬ್ಬಾ ರೇಷ್ಮೆ ಬಿಚ್ಚುವವರು. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಎಳೆ ಹಿಡಿದು ಚರಕಕ್ಕೆ ಕೊಡುವ ಕೆಲಸ. ಶೂಟಿಂಗ್ ನಡೆಯುವಾಗ ಅವರಿಗೆ ಇಪ್ಪತ್ತರ ಆಸುಪಾಸು. ಚರಕದ ಕೂಲಿಗಿಂತ ಸಿನಿಮಾದವರ ಕೂಲಿ ಹೆಚ್ಚು ಎಂದು ಕೇಳಿ, ಮೂರು ದಿನ ಕೆಲಸಕ್ಕೆ ಚಕ್ಕರ್ ಹೊಡೆದು ಬೆಟ್ಟಕ್ಕೆ ಹೋಗಿದ್ದರಂತೆ. ಅಲ್ಲಿ ತಲೆಗೊಂದು ಮುಂಡಾಸು ಸುತ್ತಿ ಗುಂಪಿನಲ್ಲಿ ನಿಲ್ಲಿಸಿದರಂತೆ. ಕುರುಡ ಇಮಾಮ್ ಸಾಹೇಬರ ಮಗ ಅಹಮದ್‌ನ ಶವ ಊರಿಗೆ ಬರುವ ದೃಶ್ಯವದು. ‘ನಾನು ಇಮಾಮ್ ಸಾಹೇಬರ ಹಿಂದೆಯೇ ಇದ್ದೆ’ ಎಂದು ಅಬ್ಬಾ ಸಾಯುವ ತನಕ ಹೇಳುತ್ತಿದ್ದರು. ಆ ಪಾತ್ರ ಮಾಡಿದ ಎ.ಕೆ. ಹಂಗಲ್ ತನ್ನ ಕಡೆ ನೋಡಿ ಒಮ್ಮೆ ನಕ್ಕಿದ್ದರು ಎಂಬುದು ಅವರ ಜೀವನದ ದೊಡ್ಡ ಸಂಗತಿಗಳಲ್ಲಿ ಒಂದಾಗಿತ್ತು.

ಅಮ್ಮಿಯ ‘ಶೋಲೆ’ ಬೇರೆಯದೇ. ನಮ್ಮ ಮನೆಯ ಹೆಂಗಸರು ಟಾಕೀಸಿಗೆ ಹೋಗುತ್ತಿರಲಿಲ್ಲ. ಆದರೆ ಆ ಸಿನಿಮಾದ ಮಾತುಗಳ ರೆಕಾರ್ಡುಗಳು ಬಂದಿದ್ದವು. ಹಾಡಿನಂತೆ ಮಾತನ್ನೂ ಜನ ಹಾಕಿಸಿ ಕೇಳುತ್ತಿದ್ದ ಕಾಲವದು. ಮದುವೆ ಮನೆಯ ಲೌಡ್ ಸ್ಪೀಕರಿನಲ್ಲಿ ಕೇಳಿ ಕೇಳಿ ಅಮ್ಮಿಗೆ ಇಡೀ ಸಿನಿಮಾ ಬಾಯಿಪಾಠವಾಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಪ್ಪನ ಮದುವೆಗೆ ವಿಸಿಆರ್ ಬಾಡಿಗೆಗೆ ತಂದಾಗ ಅವರು ಮೊದಲ ಸಲ ಗಬ್ಬರ್‌ನ ಮುಖ ನೋಡಿದರು. ‘ಇವನೇನಾ? ಇಷ್ಟು ಚಿಕ್ಕ ವಯಸ್ಸಿನವನಾ?’ ಎಂದು ನಿರಾಶೆಯಿಂದ ಕೇಳಿದರು. ಅವರ ಕಿವಿಯೊಳಗಿದ್ದ ಗಬ್ಬರ್ ಇದಕ್ಕಿಂತ ಮುದುಕ, ಇದಕ್ಕಿಂತ ಭಯಂಕರ. ನಾನು ಕೇಳಿದ ಮೊದಲ ಸಿನಿಮಾ ವಿಮರ್ಶೆ ಅದು. ಈಗಲೂ ನನಗೆ ಅದು ಒಳ್ಳೆಯ ವಿಮರ್ಶೆ ಅನಿಸುತ್ತದೆ.

ಆ ರಾತ್ರಿ ಶವದ ದೃಶ್ಯ ಬಂದಾಗ ಅಬ್ಬಾ ಎದ್ದು ಟಿ.ವಿ.ಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟು ‘ಇಲ್ಲಿ, ಇಲ್ಲಿ’ ಎಂದರು. ಪಟ್ಟಿ ಸವೆದು ಚಿತ್ರದ ತುಂಬ ಗೆರೆಗಳು. ಬೆರಳಿನ ಕೆಳಗೆ ಬೂದು ಬಣ್ಣದ ಒಂದು ಮಚ್ಚೆ. ಹಿಂದಕ್ಕೆ ತಿರುಗಿಸಿ ಮೂರು ಸಲ ನೋಡಿದೆವು. ಅಬ್ಬಾ ಯಾರಿಗೂ ಕಾಣಲಿಲ್ಲ. ಆಮೇಲೆ ಸಿ.ಡಿ., ಡಿ.ವಿ.ಡಿ., ಮೊಬೈಲು ಎಲ್ಲ ಬಂದವು. ಪ್ರತಿಯೊಂದರಲ್ಲೂ ಹುಡುಕಿದೆವು. ಅಬ್ಬಾ 2018ರಲ್ಲಿ ತೀರಿಕೊಂಡರು.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಮುಂದೆ ಕನ್ನಡ ಮಾಧ್ಯಮಕ್ಕೆ ಸೇರಿದವನು. ಆ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಸಿನಿಮಾ ಜಗಳ. ಪಕ್ಕದಲ್ಲಿ ಕೂರುವ ಹುಡುಗರೆಲ್ಲ ರಾಜಕುಮಾರ್ ಅಭಿಮಾನಿಗಳು. ನಾನು ಅಮಿತಾಭ್ ಎಂದರೆ ಅವರು 1972ರ ‘ಬಂಗಾರದ ಮನುಷ್ಯ’ ಎನ್ನುತ್ತಿದ್ದರು. ವಾದದಲ್ಲಿ ಗೆಲ್ಲಬೇಕಾದರೆ ಕನ್ನಡದಲ್ಲೇ ಗೆಲ್ಲಬೇಕಿತ್ತು. ಸೋತು ಸೋತು ಮಾತು ಕಲಿತೆ. ನಾನು ಇವತ್ತು ಕನ್ನಡದಲ್ಲಿ ಕಥೆ ಬರೆಯುತ್ತಿದ್ದರೆ ಅದರಲ್ಲಿ ಆ ಜಗಳಗಳ ಪಾಲೂ ಇದೆ.

‘ಶೋಲೆ’ಯನ್ನು ಉಳಿಸಿದ್ದೂ ಇಂಥ ಮಾತೇ. ಬಿಡುಗಡೆಯಾದ ಮೊದಲ ದಿನಗಳಲ್ಲಿ ಸಿನಿಮಾ ಬಿದ್ದಿತು ಎಂದೇ ವ್ಯಾಪಾರ ಬಲ್ಲವರು ಹೇಳಿದ್ದರು. ನೋಡಿದವರು ನೋಡದವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಮುಂಬೈಯ ಮಿನರ್ವಾ ಟಾಕೀಸಿನಲ್ಲಿ ಅದು ಐದು ವರ್ಷ ಓಡಿತು. ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್ ಬರೆದ ಮಾತುಗಳು ಬಾಯಿಂದ ಬಾಯಿಗೆ ಹೋದವು. ಜಾಹೀರಾತಿಗಿಂತ ದೊಡ್ಡದು ಟೀ ಅಂಗಡಿ.

ಆದರೆ ಈಚಿನ ವರ್ಷಗಳಲ್ಲಿ ನಮ್ಮ ಟೀ ಅಂಗಡಿಯ ಮಾತು ಬದಲಾಯಿತು. ಬದಲಾದದ್ದು ಮಾತಾಡಿದವರಿಂದಲ್ಲ, ಸುಮ್ಮನಾದವನಿಂದ. ಆ ಸುಮ್ಮನಾದವನು ನಾನೇ. ಇದನ್ನು ಹೇಳಿಕೊಳ್ಳಲೆಂದೇ ಈ ಬರಹ.

ಎರಡು ವರ್ಷದ ಹಿಂದೆ ಒಂದು ಸಿನಿಮಾ ಭರ್ಜರಿಯಾಗಿ ಓಡಿತ್ತು. ಅದರಲ್ಲಿ ಕೆಟ್ಟವರೆಲ್ಲ ನಮ್ಮವರು. ಆಟೋ ಹುಡುಗ ಎರಡು ಸಲ ನೋಡಿ ಬಂದಿದ್ದ. ಖುಷಿಯಿಂದ ಕಥೆ ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದ. ‘ನಿಮ್ಗೆ ಇಷ್ಟ ಆಗಿರಕ್ಕಿಲ್ಲ ಬುಡಿ ಸಾಬ್ರೇ’ ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಒಂದು ಬಗೆಯ ಸಂಕೋಚವಿತ್ತು. ನನ್ನ ಮಗಳಿಗೆ ಜ್ವರ ಬಂದಾಗ ನಡುರಾತ್ರಿ ಆಟೋ ತಂದು ದುಡ್ಡು ಬೇಡವೆಂದ ಹುಡುಗ ಅವನು. ನಾನು ಕಪ್ಪಿನೊಳಗೆ ನೋಡುತ್ತಾ ‘ಇಲ್ಲಪ್ಪ, ಚೆನ್ನಾಗೇ ಐತೆ’ ಎಂದುಬಿಟ್ಟೆ.

ಸುಳ್ಳು. ನನಗೆ ಆ ಸಿನಿಮಾ ಹಿಡಿಸಿರಲಿಲ್ಲ. ಎರಡನೆಯ ಅರ್ಧ ಎಳೆದಾಡಿತ್ತು. ನಾಯಕನಿಗೆ ಗಾಯವೇ ಆಗದಿದ್ದ ಮೇಲೆ ನೋಡುವವನಿಗೆ ಆತಂಕ ಎಲ್ಲಿಂದ ಬರಬೇಕು? ಖಳನಿಗೆ ಒಂದು ಟೋಪಿ ಹಾಕಿಸಿ, ಕಣ್ಣಿಗೆ ಸುರ್ಮಾ ಹಚ್ಚಿಸಿ, ಬರೆಯುವವನು ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡಿದ್ದ. ಗಬ್ಬರ್ ಯಾವ ದೇವರಿಗೆ ಕೈಮುಗಿಯುತ್ತಾನೆಂದು ಯಾರಾದರೂ ಕೇಳಿದ್ದಾರೆಯೇ? ಅವನ ಕ್ರೌರ್ಯ ಅವನದೇ. ಇದಿಷ್ಟನ್ನು ಒಬ್ಬ ಕಥೆಗಾರನಾಗಿ ನಾನು ಹೇಳಬೇಕಿತ್ತು. ಆದರೆ ನಾನು ಏನು ಹೇಳಿದರೂ ಅದು ಕಥೆಗಾರನ ಮಾತಾಗದೆ ಸಾಬರ ಮಾತಾಗುತ್ತದೆ ಎಂಬ ಭಯ ಬಂತು. ‘ಚೆನ್ನಾಗಿಲ್ಲ’ ಎಂದರೆ ಜಾತಿ ಬಿಡಲಿಲ್ಲ ಎನ್ನುತ್ತಾರೆ. ‘ಚೆನ್ನಾಗಿದೆ’ ಎಂದರೆ ಒಳ್ಳೆಯ ಮನುಷ್ಯ ಎನ್ನುತ್ತಾರೆ. ನಾನು ಒಳ್ಳೆಯ ಮನುಷ್ಯನಾಗಿಬಿಟ್ಟೆ. ಅಂದಿನಿಂದ ನನ್ನ ತೀರ್ಪುಗಳೆಲ್ಲ ‘ಪರವಾಗಿಲ್ಲ’ ಎಂಬ ಒಂದೇ ಪದಕ್ಕೆ ಬಂದು ನಿಂತವು.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ನಮ್ಮ ಮೊಹಲ್ಲಾದೊಳಗೆ ನಾನು ಹೀಗೆ ಹೆದರಿದವನಲ್ಲ. 2008ರಲ್ಲಿ ಬಂದ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ನಿಮಗೆ ನೆನಪಿರಬಹುದು. ವೈದೇಹಿಯವರ ಕಥೆಯನ್ನು ಆಧರಿಸಿದ ಚಿತ್ರ. ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೊಂದು ಟಿ.ವಿ. ಸಿಗುತ್ತದೆ, ಊರ ಹೆಂಗಸರೆಲ್ಲ ಅವಳ ಮನೆಗೆ ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ಕಾಲದಲ್ಲಿ ಅದೇ ಊರು ಅವಳಿಗೆ ಪರ ಊರಾಗುತ್ತದೆ. ‘ನಮ್ಮ ಹೆಂಗಸನ್ನು ಸಿನಿಮಾ ಹುಚ್ಚಿ ಎಂದು ತೋರಿಸಬೇಕಿತ್ತೇ?’ ಎಂದು ಮೊಹಲ್ಲಾದ ಹಿರಿಯರೊಬ್ಬರು ಕೇಳಿದಾಗ ನಾನು ಅರ್ಧ ಗಂಟೆ ವಾದಿಸಿದ್ದೆ. ಆಸೆಪಡುವ ಹೆಂಗಸನ್ನು ತೋರಿಸಿದರೆ ನಮ್ಮ ಮರ್ಯಾದೆ ಹೋಗುತ್ತದೆಯೇ ಎಂದು ಕೇಳಿದ್ದೆ. ನಮ್ಮವರ ಎದುರು ಇದ್ದ ಧೈರ್ಯ ಟೀ ಅಂಗಡಿಯಲ್ಲಿ ಎಲ್ಲಿಗೆ ಹೋಯಿತು?

2025ಕ್ಕೆ ‘ಶೋಲೆ’ಗೆ 50 ವರ್ಷ. ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಹಳೆಯ ಪ್ರತಿಗಳನ್ನು ಹುಡುಕಿ ತಂದು ಚಿತ್ರವನ್ನು ಹೊಸದರಂತೆ ಸರಿಪಡಿಸಿದರು. ಡಿಸೆಂಬರ್ 12ರಂದು ಅದು ಮತ್ತೆ ಚಿತ್ರಮಂದಿರಗಳಿಗೆ ಬಂತು, ಅದೂ ತುರ್ತುಪರಿಸ್ಥಿತಿಯ ಸೆನ್ಸಾರ್ ತೆಗೆಸಿಹಾಕಿದ್ದ ಮೂಲ ಅಂತ್ಯದೊಂದಿಗೆ. ‘ನಮ್ಮೂರ ಸಿನಿಮಾ, ನೋಡದಿದ್ರೆ ಬೆಟ್ಟ ಬಯ್ತದೆ’ ಎಂದರು ಗೌಡರು. ಚಾಚಾನನ್ನು ಬಿಟ್ಟು ನಾವು ನಾಲ್ವರೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ವಿಷಯ. ಅದನ್ನು ಯಾರಿಗೂ ಹೇಳಿರಲಿಲ್ಲ.

ಪರದೆಯ ಮೇಲೆ ನಮ್ಮ ಬೆಟ್ಟ ಕಂಡಾಗ ಮೇಷ್ಟ್ರು ನನ್ನ ತೊಡೆ ತಟ್ಟಿದರು. ಅಷ್ಟು ಸ್ಪಷ್ಟವಾಗಿ ಅದನ್ನು ನಾವು ನಿಜದಲ್ಲೂ ನೋಡಿರಲಿಲ್ಲ. ಬಂಡೆಯ ಬಿರುಕುಗಳನ್ನು ಎಣಿಸಬಹುದಿತ್ತು. ಶವದ ದೃಶ್ಯ ಬಂತು. ಜಬಲ್ಪುರದ ಬೀಡಿ ಕಾರ್ಖಾನೆಗೆ ಕೆಲಸಕ್ಕೆಂದು ಹೊರಟ ಹುಡುಗ ಹೆಣವಾಗಿ ಮರಳುತ್ತಾನೆ. ಎಲ್ಲರೂ ಮೌನವಾಗಿದ್ದಾರೆ, ಏನಾಯಿತೆಂದು ಕುರುಡ ತಂದೆಗೆ ತಿಳಿಯದು. ಊರಿನವರು ಜಯ್ ಮತ್ತು ವೀರೂನನ್ನು ಗಬ್ಬರ್‌ಗೆ ಒಪ್ಪಿಸೋಣ ಎನ್ನುವಾಗ, ಮಗನನ್ನು ಕಳೆದುಕೊಂಡ ಆ ಮುದುಕನೇ ಬೇಡವೆಂದು ನಿಲ್ಲುತ್ತಾನೆ. ಅಜಾನ್ ಕೇಳಿಸುತ್ತದೆ, ನಮಾಜಿಗೆ ಹೊರಡುತ್ತಾನೆ. ನಾನು ಅವನ ಹಿಂದಿನ ಮುಖಗಳನ್ನೇ ನೋಡುತ್ತಿದ್ದೆ. ಮುಂಡಾಸಿನ ಯುವಕರು ನಾಲ್ಕೈದು ಜನ ಇದ್ದರು. ಒಬ್ಬನ ಭುಜ ಅಬ್ಬಾನ ಭುಜದಂತೆ ಸ್ವಲ್ಪ ಎಡಕ್ಕೆ ವಾಲಿತ್ತು. ಅವರೇ ಎಂದುಕೊಳ್ಳುವಷ್ಟರಲ್ಲಿ ದೃಶ್ಯ ಬದಲಾಯಿತು. ಕಣ್ಣು ಮಂಜಾಗಿತ್ತು. ಪರದೆ ಸ್ವಚ್ಛವಾದಾಗ ನನ್ನ ಕಣ್ಣೇ ಕೈಕೊಟ್ಟಿತು.

ಕೊನೆಯಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. ನಾವು ಇಷ್ಟು ವರ್ಷ ನೋಡಿದ ಪ್ರತಿಯಲ್ಲಿ ಪೊಲೀಸರು ಬಂದು ಅವನನ್ನು ಒಯ್ಯುತ್ತಿದ್ದರು. ಕೊಂದಾಗ ಚಿತ್ರಮಂದಿರದಲ್ಲಿ ಶಿಳ್ಳೆ, ಚಪ್ಪಾಳೆ. ಆದರೆ ಕೊಂದ ಮೇಲೆ ಠಾಕೂರ್ ಅಳುತ್ತಾನೆ. ಶಿಳ್ಳೆ ನಿಂತುಹೋಯಿತು.

ಮರಳುವ ರೈಲಿನಲ್ಲಿ ಜಗಳ ಶುರುವಾಯಿತು. ‘ಅವ್ನು ಸಾಯ್ಬೇಕು ಅಷ್ಟೇಯ. ಎರಡು ಕೈ ಕಳ್ಕಂಡೋನು ಕೋರ್ಟಿಗೆ ಅಲೀಬೇಕಾ?’ ಎಂದರು ಗೌಡರು. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆತ್ತಿಕೊಂಡರೆ ಕೈಕಾಲಿಲ್ಲದ ಬಡವರ ಗತಿಯೇನು ಎಂದರು ಮೇಷ್ಟ್ರು. ಎಲ್ಲರೂ ನನ್ನ ಕಡೆ ನೋಡಿದರು. ನಾಲಿಗೆಯ ತುದಿಗೆ ‘ಪರವಾಗಿಲ್ಲ’ ಬಂದಿತ್ತು. ಅದನ್ನು ನುಂಗಿದೆ.

‘ಸರ್ಕಾರ ಹೆದರಿಸಿ ಅಂತ್ಯ ಬದಲಾಯಿಸಿದ್ದು ತಪ್ಪು. ಬರೆದವರ ಕಥೆ ಬರೆದವರದು’ ಎಂದೆ. ‘ಆದರೆ ಇವತ್ತು ಆ ಶಿಳ್ಳೆ ಕೇಳಿ ನನಗೆ ಭಯವಾಯಿತು. ಬೀದಿಯಲ್ಲೇ ತೀರ್ಪು ಕೊಡುವ ಜನ ಈಗ ಹೊರಗೂ ಇದ್ದಾರೆ. ಠಾಕೂರ್ ಅತ್ತದ್ದು ನನಗೆ ಇಷ್ಟವಾಯಿತು. ಕೊಂದವನು ಅಳದ ಸಿನಿಮಾಗಳೇ ಈಗ ಹೆಚ್ಚು.’ ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. ಆಟೋ ಹುಡುಗನ ಕಡೆ ತಿರುಗಿ, ‘ಅವತ್ತು ಆ ಸಿನಿಮಾ ಚೆನ್ನಾಗೈತೆ ಅಂದೆನಲ್ಲ, ಸುಳ್ಳು ಹೇಳಿದ್ದೆ ಕಣಪ್ಪ’ ಎಂದು ಎರಡು ವರ್ಷದಿಂದ ಉಳಿದಿದ್ದೆಲ್ಲವನ್ನೂ ಹೇಳಿದೆ. ಬಿಡದಿ ದಾಟುವ ತನಕ ಅವನು ಮಾತಾಡಲಿಲ್ಲ. ಆಮೇಲೆ ಹೇಳಿದ: ‘ಸೆಕೆಂಡ್ ಹಾಫ್ ಎಳೀತು ಅನ್ನೋದು ಒಪ್ತೀನಿ. ಮಿಕ್ಕಿದ್ದು ಒಪ್ಪಕ್ಕಿಲ್ಲ. ಆದ್ರೆ ಅವತ್ತೇ ಯಾಕೆ ಹೇಳಲಿಲ್ಲ ಸಾಬ್ರೇ? ನಾನೇನು ಹೊಡೀತಿದ್ನಾ?’

ನನ್ನಲ್ಲಿ ಉತ್ತರವಿರಲಿಲ್ಲ. ಅವನು ನನ್ನನ್ನು ಸಾಬರೆಂದು ಕಂಡು ಮಾತು ನಿಲ್ಲಿಸಿದ್ದು ನಿಜ. ನಾನು ಅವನನ್ನು ಹೊಡೆಯುವವರ ಗುಂಪಿಗೆ ಸೇರಿಸಿ ಬಾಯಿ ಮುಚ್ಚಿಕೊಂಡಿದ್ದೂ ಅಷ್ಟೇ ನಿಜ. ನನ್ನ ಭಯಕ್ಕೆ ಕಾರಣಗಳಿರಲಿಲ್ಲ ಎಂದಲ್ಲ. ಕಾರಣಗಳು ಇವೆ, ನಾಳೆಯೂ ಇರುತ್ತವೆ. ಆದರೆ ಆ ಹುಡುಗ ಆ ಕಾರಣಗಳಲ್ಲಿ ಒಬ್ಬನೇ ಎಂದು ನಾನು ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ಒಂದು ಸಿನಿಮಾವನ್ನು ಒಪ್ಪದಿರುವುದು ಸಣ್ಣ ವಿಷಯ. ಆ ಸಣ್ಣ ವಿಷಯದಲ್ಲೇ ಬಾಯಿ ಕಟ್ಟಿಕೊಂಡರೆ ದೊಡ್ಡ ವಿಷಯ ಬಂದಾಗ ಯಾವ ಬಾಯಲ್ಲಿ ಮಾತಾಡುವುದು?

ಮನೆಗೆ ಬಂದಾಗ ಅಮ್ಮಿ ಜಾನಿಮಾಜಿನ ಮೇಲೆ ತಸ್ಬೀಹ್ ಹಿಡಿದು ಕೂತಿದ್ದರು. ನಾನು ಹೇಳದಿದ್ದರೂ ನಾನು ಹೋದದ್ದು ಯಾಕೆಂದು ಅವರಿಗೆ ಗೊತ್ತಿತ್ತು.

‘ಸಿಕ್ಕರಾ?’ ಎಂದು ಕೇಳಿದರು.

‘ಜನ ಬಹಳ ಇದ್ದರು ಅಮ್ಮಿ. ಒಬ್ಬರು ಅವರ ಹಾಗೇ ಇದ್ದರು. ಖಾತ್ರಿಯಾಗಲಿಲ್ಲ.’

‘ಮುಖ ನೋಡಿದೆಯಾ? ಕೈ ನೋಡಬೇಕಿತ್ತು’ ಎಂದರು ಅಮ್ಮಿ. ‘ಬಿಸಿನೀರಲ್ಲಿ ಬೆಂದ ಬೆರಳು ನಿನ್ನ ಅಬ್ಬಾನದು. ಯಾವ ಮುಂಡಾಸು ಕಟ್ಟಿಸಿದರೂ ಅದನ್ನು ಮುಚ್ಚೋಕಾಗಲ್ಲ.’

ಮರುದಿನ ಟೀ ಅಂಗಡಿಯಲ್ಲಿ ಇದನ್ನು ಹೇಳಿದೆ. ಇನ್ನೊಮ್ಮೆ ಹೋಗೋಣ, ಈ ಸಲ ಕೈ ನೋಡೋಣ ಎಂದ ಆಟೋ ಹುಡುಗ. ಟಿಕೆಟ್ಟಿನ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿದರು ಗೌಡರು. ಚಾಚಾ ಎರಡನೇ ಟೀ ತಂದಿಟ್ಟರು.