ದೇವರಗುಡ್ಡದಿಂದ ಅಬ್ಬಲೂರಿಗೆ

ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲೂಕಿನಲ್ಲಿರುವ ದೇವರಗುಡ್ಡವು ಮೈಲಾರಲಿಂಗನ ಒಕ್ಕಲಿನವರಿಗೆಲ್ಲ ಚಿರಪರಿಚಿತವಾದ ಕ್ಷೇತ್ರವು. ಸುತ್ತಲೂ ಮೆಕ್ಕೆಜೋಳ, ಹತ್ತಿಗಳ ಹೊಲಗಳು, ನಡುವೆ ಗುಡ್ಡ, ಅದರ ಮೇಲೆ ಮಾಲತೇಶಸ್ವಾಮಿಯ ಗುಡಿ. ಕಳೆದ ನವರಾತ್ರಿಯಲ್ಲಿ ನಾವು ಅಲ್ಲಿಗೆ ಹೋಗಿ ಎರಡು ದಿನ ತಂಗಿದ್ದೆವು. ಕರಿಯ ಕಂಬಳಿಯ ನಿಲುವಂಗಿಯನ್ನು ತೊಟ್ಟು, ಕರಡಿಯ ಕೂದಲಿನ ಕುಲಾವಿಯನ್ನು ಧರಿಸಿ, ಡಮರುಗವನ್ನು ನುಡಿಸುತ್ತ “ಏಳುಕೋಟಿ” ಎಂದು ಉಗ್ಗಡಿಸುವ ಗೊರವರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅವರೊಳಗೊಬ್ಬನು ಉಪವಾಸವ್ರತವನ್ನು ಹಿಡಿದು, ಎತ್ತರವಾದ ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗಿದೊಡನೆ ಸಾವಿರಾರು ಜನರ ಗದ್ದಲವು ಥಟ್ಟನೆ ನಿಲ್ಲುವುದು. ಒಂದು ವಾಕ್ಯವನ್ನು ನುಡಿದು ಅವನು ಮೇಲಿನಿಂದ ಬೀಳುವನು, ಕೆಳಗಿದ್ದವರು ಹಿಡಿದುಕೊಳ್ಳುವರು. ಇದೇ ಕಾರ್ಣಿಕ. ಅದಕ್ಕೆ ಮಳೆಬೆಳೆಯ ಅರ್ಥವನ್ನು ಒಬ್ಬರು, ರಾಜಕಾರಣದ ಅರ್ಥವನ್ನು ಇನ್ನೊಬ್ಬರು ಹಚ್ಚುತ್ತ ರಾತ್ರಿಯನ್ನೇ ಕಳೆಯುವರು. ಆ ಗೊಡವೆ ನಮಗೆ ಬೇಡ.

ಗುಡಿಯ ಮುಂದೆ ಒಬ್ಬ ವೃದ್ಧ ಗೊರವಯ್ಯನು ಬಂದವರೆಲ್ಲರ ಹಣೆಗೆ ಭಂಡಾರವನ್ನು ಹಚ್ಚುತ್ತಿದ್ದನು. ಮೇಷ್ಟರಾಗಿದ್ದವರಿಗೆ ಪ್ರಶ್ನೆ ಕೇಳುವ ಚಾಳಿ ಬಿಡುವುದಿಲ್ಲವಷ್ಟೆ! ಯಾರು ಯಾರಿಗೆ ಹಚ್ಚುವ ಪದ್ಧತಿಯುಂಟೆಂದು ನಾವು ಕೇಳಿದೆವು. ಅವನು ನಕ್ಕು, “ಹಣೀ ಒಡ್ಡಿದವರಿಗೆ ಹಚ್ಚೂದ್ರಿ ಮಾಸ್ತರ್ರ, ಕುಲಾ ಕೇಳಾಕ ನಾವೇನು ಬೀಗರೇನ್ರಿ?” ಎಂದನು. ಇದೇ ದೇವರು ಮರಾಠೀ ಸೀಮೆಯಲ್ಲಿ ಖಂಡೋಬನೆನಿಸಿರುವನು. ಅಲ್ಲಿಯ ಮುಸಲ್ಮಾನ ಭಕ್ತರು ಅವನನ್ನು ಮಲ್ಲೂಖಾನನೆಂದು ಕರೆದು ನಡೆದುಕೊಂಡು ಬಂದಿರುವರು.

ಸಂಸ್ಕೃತದ ಮಲ್ಲಾರಿಮಾಹಾತ್ಮ್ಯದಲ್ಲಿ ಈ ದೇವರ ಕಥೆಯಿದೆ. ಮಣಿ, ಮಲ್ಲ ಎಂಬ ಇಬ್ಬರು ದೈತ್ಯ ಸಹೋದರರು ಋಷಿಗಳನ್ನು ಪೀಡಿಸಲು, ಶಿವನು ಮಾರ್ತಂಡಭೈರವನಾಗಿ ಬಂದು ಅವರನ್ನು ಸಂಹರಿಸಿದನು. ಯುದ್ಧದ ವರ್ಣನೆ ಇತರ ಪುರಾಣಗಳಲ್ಲಿರುವಂತೆಯೇ ಇದೆ. ನಮ್ಮ ಮನಸ್ಸನ್ನು ಹಿಡಿದುದು ಆಮೇಲಿನ ಸಂಗತಿ. ಮಡಿಯುವ ಹೊತ್ತಿನಲ್ಲಿ ಪಶ್ಚಾತ್ತಾಪಪಟ್ಟ ಮಣಿಗೆ ದೇವರು ತನ್ನ ಸನ್ನಿಧಿಯಲ್ಲಿಯೇ ಸ್ಥಾನವನ್ನು ಕೊಟ್ಟನಂತೆ. ಜೇಜೂರಿಯಲ್ಲಿ ಇಂದಿಗೂ ಆ ದೈತ್ಯನಿಗೆ ಪೂಜೆಯುಂಟು. ಮಲ್ಲನ ಹೆಸರಾದರೋ ದೇವರ ಹೆಸರಿನೊಳಗೇ ಸೇರಿಹೋಯಿತು. ಸೋತವನಿಗೆ ಇಷ್ಟು ಎಡೆಗೊಟ್ಟ ಕಥೆಯನ್ನು ತಲೆಯಲ್ಲಿಟ್ಟುಕೊಂಡೇ ನಾವು ಗುಡ್ಡವನ್ನಿಳಿದು, ಹಿರೇಕೆರೂರಿನ ಕಡೆಯ ಅಬ್ಬಲೂರಿಗೆ ಹೊರಟೆವು. ಅಲ್ಲಿಯ ಕಲ್ಲುಗಳನ್ನು ನೋಡಬೇಕೆಂಬುದು ನಮ್ಮ ಬಹುಕಾಲದ ಇಚ್ಛೆಯಾಗಿದ್ದಿತು.

ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ, ಸುಮಾರು 1200ನೆಯ ಇಸವಿಯದೆಂದು ಹೇಳಲಾಗುವ ಶಾಸನವೊಂದು ಏಕಾಂತದ ರಾಮಯ್ಯನ ಚರಿತ್ರವನ್ನು ತಿಳಿಸುತ್ತದೆ. ಹರಿಹರಕವಿಯ ರಗಳೆಗೂ ಅವನು ನಾಯಕನು. ಊರಿನ ಜೈನರು ಶಿವಾಲಯದ ಬಳಿಯಲ್ಲಿಯೇ ತಮ್ಮ ದೇವರನ್ನು ಹೊಗಳಿದರೆಂದು ವಾದ ಹುಟ್ಟಿತು. ರಾಮಯ್ಯನು ತನ್ನ ತಲೆಯನ್ನು ಅರಿದು ಶಿವನಿಗರ್ಪಿಸಿ ಮರಳಿ ಪಡೆಯುವುದಾಗಿಯೂ, ಪಡೆದರೆ ಜೈನರು ಜಿನಬಿಂಬವನ್ನೊಡೆದು ಶಿವನನ್ನು ಪ್ರತಿಷ್ಠಿಸುವುದಾಗಿಯೂ ಓಲೆಯಲ್ಲಿ ಪಣವಾಯಿತು. ತಲೆಯು ಮರಳಿ ಕೂಡಿತು. ಜೈನರು ಮಾತಿಗೆ ತಪ್ಪಿದರು. ರಾಮಯ್ಯನು ಕಾವಲಿದ್ದವರನ್ನು ಬಡಿದೋಡಿಸಿ ಬಿಂಬವನ್ನು ಒಡೆದನು. ದೂರು ಕಲಚುರಿ ಬಿಜ್ಜಳನವರೆಗೆ ಹೋಯಿತು. ಜಯಪತ್ರವು ರಾಮಯ್ಯನಿಗೇ ದೊರೆಯಿತು. ಶಾಸನವು ಹೇಳುವ ಕಥೆ ಇಷ್ಟು. ಸಾಲದುದಕ್ಕೆ ಆ ಪ್ರಸಂಗಗಳನ್ನು ಕಲ್ಲಿನಲ್ಲಿ ಚಿತ್ರಿಸಿ, ಕೆಳಗೆ ವಿವರವನ್ನೂ ಕೊರೆದಿರುವರು.

ನಾವು ಶಿವಪೂಜೆಯ ಮನೆತನದಲ್ಲಿ ಹುಟ್ಟಿ ಬೆಳೆದವರು. ಆದರೂ ಆ ಶಿಲ್ಪದ ಮುಂದೆ ನಿಂತಾಗ ನಮ್ಮ ಕಣ್ಣು ನೆಟ್ಟುದು ರಾಮಯ್ಯನ ಮೇಲಲ್ಲ, ಜೈನರ ಮುಖಂಡನಾದ ಸಂಕಗಾವುಂಡನ ಮೇಲೆ. ಅವನು ಕುದುರೆ ಕಾಲಾಳುಗಳೊಡನೆ ಅಡ್ಡ ನಿಂತುದನ್ನು ಶಾಸನವು ಅಪರಾಧವೆಂಬಂತೆ ಬರೆದಿದೆ. ಅವನು ಕಾಯುತ್ತಿದ್ದುದಾದರೂ ಏನನ್ನು? ತನ್ನ ತಂದೆತಾತಂದಿರು ಕೈಮುಗಿದ ದೇವರನ್ನು. ಇದೇ ಕೆಲಸವನ್ನು ಒಬ್ಬ ಶೈವನು ಮಾಡಿದ್ದರೆ ಅವನಿಗೊಂದು ವೀರಗಲ್ಲನ್ನು ನಿಲ್ಲಿಸುತ್ತಿದ್ದರು! ಅಸಹನೆಯು ಪರದೇಶದ ಸೈನ್ಯದೊಡನೆಯೇ ನಮ್ಮ ನಾಡಿಗೆ ಬಂದಿತೆಂದು ಹೇಳುವವರು ಒಮ್ಮೆ ಅಬ್ಬಲೂರಿಗೆ ಹೋಗಿಬರಬೇಕು. ಆ ಜೈನರ ಪಕ್ಕದಲ್ಲಿಯೂ ಎಲ್ಲರೂ ಸಾಧುಗಳೇ ಆಗಿದ್ದರೆಂದಲ್ಲ. ಅನ್ಯಮತಗಳನ್ನು ಹೀಗಳೆಯುವುದಕ್ಕಾಗಿಯೇ ಬ್ರಹ್ಮಶಿವನು ಸಮಯಪರೀಕ್ಷೆಯನ್ನು ಬರೆದನಷ್ಟೆ.

ಇಂಥದೇ ಜಗಳವು ಇನ್ನೊಂದು ರೀತಿಯಲ್ಲಿ ತೀರಿದುದೂ ಉಂಟು. 1368ರಲ್ಲಿ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಅಷ್ಟಕ್ಕೇ ಬಿಡಲಿಲ್ಲ. ಜೈನರ ಮನೆಯೊಂದಕ್ಕೆ ಒಂದು ಹಣದಂತೆ ಕೂಡಿಸಿ, ಅದರಿಂದ ಶ್ರವಣಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದನ್ನು ಬಸದಿಗಳ ಜೀರ್ಣೋದ್ಧಾರಕ್ಕೆ ವೆಚ್ಚಮಾಡತಕ್ಕದ್ದೆಂದೂ, ಇದನ್ನು ನಡೆಯಿಸುವ ಹೊಣೆ ತಿರುಮಲೆಯ ತಾತಯ್ಯನದೆಂದೂ ಬೆಳಗೊಳದ ಶಾಸನದಲ್ಲಿದೆ. ಬಸದಿಯ ಕಾವಲಿನ ಹೊಣೆಯನ್ನು ವೈಷ್ಣವನ ತಲೆಗೇ ಕಟ್ಟಿದ ಆ ರಾಯನ ಜಾಣ್ಮೆಯನ್ನು ಎಷ್ಟು ಮೆಚ್ಚಿದರೂ ಸಾಲದು.

ಹಿಂದಿರುಗುವಾಗ ಶಿಗ್ಗಾಂವಿ ತಾಲೂಕಿನ ಶಿಶುನಾಳಕ್ಕೆ ಹೋದೆವು. 1819ರಲ್ಲಿ ಹುಟ್ಟಿದ ಶರೀಫಸಾಹೇಬರು ಕೆಲವು ಕಾಲ ನಮ್ಮಂತೆಯೇ ಶಾಲಾಮಾಸ್ತರರಾಗಿದ್ದವರು. ಅವರು ಗುರುವನ್ನಾಗಿ ಪಡೆದುದು ಕಳಸದ ಗೋವಿಂದಭಟ್ಟರನ್ನು. ಬ್ರಾಹ್ಮಣನು ಮುಸಲ್ಮಾನನನ್ನು ಮನೆಯೊಳಗೆ ಸೇರಿಸಿಕೊಂಡನೆಂದು ಒಂದು ಕಡೆಯವರೂ, ತಮ್ಮವನು ಕೈಬಿಟ್ಟುಹೋದನೆಂದು ಇನ್ನೊಂದು ಕಡೆಯವರೂ ಕನಲಿದರು. ಗುರುಶಿಷ್ಯರು ಮಾತ್ರ ಜೊತೆಯಲ್ಲಿಯೇ ಉಂಡು, ಜೊತೆಯಲ್ಲಿಯೇ ಊರೂರು ತಿರುಗಿದರು. 1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಸಮಾಜದವರು ಸೇರಿ, ಕುರಾನಿನ ಪಾರಾಯಣವನ್ನೂ ಮಂತ್ರಘೋಷವನ್ನೂ ಮಾಡಿ ಅವರನ್ನು ಮಣ್ಣುಮಾಡಿದರೆಂದು ಜನರು ಹೇಳುತ್ತಾರೆ. ನಾವು ಹೋದ ಹೊತ್ತಿಗೆ ಗದ್ದುಗೆಯ ಮುಂದೆ ಕುಂಕುಮದ ಬಟ್ಟಲೂ ಊದುಬತ್ತಿಯೂ ಇದ್ದವು. ಬುರುಖಾ ತೊಟ್ಟ ತಾಯಿಯೊಬ್ಬಳು ಕೂಸನ್ನು ಅಲ್ಲಿ ಮಲಗಿಸಿ, ಸಕ್ಕರೆಯನ್ನು ಸುತ್ತಲಿದ್ದವರಿಗೆಲ್ಲ ಹಂಚುತ್ತಿದ್ದಳು. ನಮ್ಮ ಅಂಗೈಗೂ ಒಂದು ಚಿಟಿಕೆ ಬಂದಿತು.