ಬಿಡುವಿನ ಒರಳು

ರಾತ್ರಿ ಹತ್ತಾಯಿತೆಂದರೆ ಶಿವಮೊಗ್ಗದ ಆ ಮನೆಯಲ್ಲಿ ದೀಪಗಳೆಲ್ಲ ಆರುತ್ತವೆ. ನಡುಮನೆಯ ಮೂಲೆಯಲ್ಲಿ ಮಾತ್ರ ಒಂದು ಹಸಿರು ಚುಕ್ಕೆ ಉರಿಯುತ್ತಿರುತ್ತದೆ; ಜೊತೆಗೆ ಗುಂಯ್ ಎನ್ನುವ ಸಣ್ಣ ಸದ್ದು. ಹಾಸಿಗೆಯಲ್ಲಿ ಮಲಗಿದ ಮೇಷ್ಟ್ರ ಹೆಂಡತಿ ತಪ್ಪದೆ ಕೇಳುತ್ತಾರೆ:

"ಏನ್ರೀ ಅದು ಸದ್ದು?"

"ಕಂಪ್ಯೂಟರ್ ಕಣೇ. ಲೆಕ್ಕ ಮಾಡ್ತಾ ಇದೆ."

"ಇಷ್ಟು ಹೊತ್ತಿನಲ್ಲಿ ಯಾರ ಲೆಕ್ಕ?"

ನಿನ್ನೆಯೂ ಇದೇ ಪ್ರಶ್ನೆ, ಇದೇ ಉತ್ತರ. ಮೂರು ವರ್ಷಗಳಿಂದ ಆಕೆಗೆ ಆಲ್ಝೈಮರ್ ಕಾಯಿಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳುವುದು ಹೊಸದೇನಲ್ಲ. ಆದರೆ ಆಗ ವರ್ಷಕ್ಕೊಮ್ಮೆ ಮಕ್ಕಳು ಬದಲಾಗುತ್ತಿದ್ದರು, ಅಷ್ಟೇ ವ್ಯತ್ಯಾಸ.

ಆ ಕಂಪ್ಯೂಟರ್ ಮಗ ಹೊಸದು ಕೊಂಡಾಗ ಇಲ್ಲಿ ಬಿಟ್ಟುಹೋದದ್ದು. ಹಗಲು ಪತ್ರಿಕೆ ಓದಲು, ಮೊಮ್ಮಕ್ಕಳ ಫೋಟೋ ನೋಡಲು ಒಂದೆರಡು ಗಂಟೆ ಅದಕ್ಕೆ ಕೆಲಸ. ಮಿಕ್ಕ ಹೊತ್ತೆಲ್ಲ ಬಿಡುವು. ಇಂಥ ಬಿಡುವನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಕೆಲಸಕ್ಕೆ ಹಚ್ಚುವ ಉಪಾಯ ಇಂದಿನದಲ್ಲ. 1999ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಅನ್ಯಲೋಕದ ಜೀವಿಗಳ ಸುಳಿವು ಹುಡುಕಲು ಜನರ ಮನೆಯ ಕಂಪ್ಯೂಟರುಗಳ ನೆರವು ಬೇಡಿದ್ದರು. ಮರುವರ್ಷ, 2000ದ ಅಕ್ಟೋಬರಿನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜಯ್ ಪಾಂಡೆ ಅವರ ತಂಡ 'ಫೋಲ್ಡಿಂಗ್ ಅಟ್ ಹೋಮ್' ಎಂಬ ಯೋಜನೆ ಆರಂಭಿಸಿತು. ಇದರ ಗುರಿ ಆಕಾಶವಲ್ಲ, ನಮ್ಮ ದೇಹದೊಳಗಿನ ಪ್ರೋಟೀನು.

ಪ್ರೋಟೀನ್ ಎಂದರೆ ಮಣಿ ಪೋಣಿಸಿದಂಥ ಉದ್ದನೆಯ ಸರ. ಅದು ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ಆಕಾರಕ್ಕೆ ಬರಬೇಕು; ಬಂದರೆ ಮಾತ್ರ ಕೆಲಸ ಮಾಡುತ್ತದೆ. ಮಡಿಕೆ ತಪ್ಪಿದರೆ ಎಡವಟ್ಟು. ಆಲ್ಝೈಮರ್ ರೋಗಿಯ ಮಿದುಳಿನಲ್ಲಿ ಬೀಟಾ ಅಮಿಲಾಯ್ಡ್ ಎಂಬ ಪದಾರ್ಥ ಹೀಗೆಯೇ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತದೆ. ಈ ಸರ ಎಲ್ಲೆಲ್ಲಿ, ಎಷ್ಟೆಷ್ಟು ತಿರುಗಬಲ್ಲದು ಎಂಬ ನಕ್ಷೆಯನ್ನು 1963ರಲ್ಲಿ ಜಗತ್ತಿಗೆ ಕೊಟ್ಟವರು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಮುಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜೈವಿಕ ಅಣುಗಳ ಭೌತವಿಜ್ಞಾನ ವಿಭಾಗ ಕಟ್ಟಿದವರೂ ಅವರೇ. ಆ ನಕ್ಷೆಯ ಮಾತು ಬಂದರೆ ಮೇಷ್ಟ್ರಿಗೆ ಈಗಲೂ ಹೆಮ್ಮೆ.

ನಕ್ಷೆ ಇದ್ದಮಾತ್ರಕ್ಕೆ ಪಯಣ ಮುಗಿಯಲಿಲ್ಲವಲ್ಲ! ಪ್ರೋಟೀನಿನ ಚಲನೆಯನ್ನು ಲೆಕ್ಕದಲ್ಲಿ ಹಿಡಿಯಬೇಕಾದರೆ ಒಂದು ಸೆಕೆಂಡನ್ನು 1ರ ಮುಂದೆ 15 ಸೊನ್ನೆ ಇಟ್ಟಷ್ಟು ಚೂರು ಮಾಡಬೇಕು. ಎರಡೋ ನಾಲ್ಕೋ ಚೂರಿಗೊಮ್ಮೆ ಪ್ರತಿ ಪರಮಾಣುವೂ ಎತ್ತ ಸರಿಯಿತು ಎಂದು ಗುಣಿಸಬೇಕು. ಒಂದು ಯಂತ್ರಕ್ಕೆ ಅದು ಮುಗಿಯದ ಕೂಲಿ. ಅದಕ್ಕೇ ಲೆಕ್ಕವನ್ನು ತುಂಡು ತುಂಡಾಗಿ ಹಂಚುತ್ತಾರೆ. ಮನೆಯ ಕಂಪ್ಯೂಟರ್ ತನ್ನ ಪಾಲಿನ ತುಂಡನ್ನು ಪಡೆದು, ಗುಣಿಸಿ, ವಾಪಸು ಕಳಿಸಿ ಇನ್ನೊಂದನ್ನು ಕೇಳುತ್ತದೆ. ಗಡುವಿನೊಳಗೆ ಮುಗಿಸದಿದ್ದರೆ ಅದೇ ತುಂಡು ಬೇರೊಬ್ಬರ ಮನೆಗೆ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಮೇಷ್ಟ್ರು ಚಡಪಡಿಸುವುದು ಇದಕ್ಕೇ. ಯಂತ್ರವೇನೋ ಆಗಾಗ ಗುರುತು ಹಾಕಿಕೊಂಡಿರುತ್ತದೆ. ಕರೆಂಟು ಬಂದೊಡನೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮನುಷ್ಯರಿಗೂ ಇಂಥದೊಂದು ಗುರುತಿದ್ದರೆ ಎಂದು ಪಕ್ಕದ ಹಾಸಿಗೆಯ ಕಡೆ ನೋಡುತ್ತಾರೆ.

ಇದರಿಂದ ಬಂದ ಫಲವೇನು? 2020ರಲ್ಲಿ ಕೊರೊನಾ ಹಬ್ಬಿದಾಗ ಮನೆಯಲ್ಲಿ ಕೂತ ಜನ ಈ ಯೋಜನೆಗೆ ಮುಗಿಬಿದ್ದರು. ಹತ್ತು ಲಕ್ಷಕ್ಕೂ ಮೀರಿ ಜನ ತಮ್ಮ ಯಂತ್ರಗಳನ್ನು ಕೊಟ್ಟರು. ಒಟ್ಟು ವೇಗ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಯಷ್ಟು ಲೆಕ್ಕಗಳನ್ನು ದಾಟಿತು. ಅಂದು ಯಾವ ಸೂಪರ್ ಕಂಪ್ಯೂಟರೂ ಒಂಟಿಯಾಗಿ ಆ ವೇಗ ಮುಟ್ಟಿರಲಿಲ್ಲ. ವೈರಾಣುವಿನ ಮುಳ್ಳು ಹೇಗೆ ಬಾಯಿ ತೆರೆಯುತ್ತದೆ, ಮದ್ದು ಹೋಗಿ ಕೂರಬಹುದಾದ ಗುಪ್ತ ಸಂದುಗಳು ಎಲ್ಲಿವೆ ಎಂಬುದೆಲ್ಲ ಕಂಡಿತು. 2021ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಅಷ್ಟು ಜನರ ಅಷ್ಟು ಯಂತ್ರಗಳು ಸೇರಿ ಹಿಡಿದದ್ದು ಆ ಪ್ರೋಟೀನುಗಳ ಬದುಕಿನ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವನ್ನು. ಕಣ್ಣು ಮಿಟುಕಿಸುವಷ್ಟು ಹೊತ್ತು!

ಬೆಂಗಳೂರಿನಲ್ಲಿರುವ ಮಗನ ತಕರಾರು ಬೇರೆ. "ಅಪ್ಪಾ, ಪುಕ್ಕಟೆ ಅಂದ್ಕೊಂಡಿದೀರಾ? ಕರೆಂಟ್ ಬಿಲ್ ನೋಡಿ. ಆ ದುಡ್ಡನ್ನ ಯಾವುದಾದ್ರೂ ಆಸ್ಪತ್ರೆಗೆ ಕೊಟ್ರೆ ಆಗಲ್ವಾ?" ಮಾತು ಸುಳ್ಳಲ್ಲ. ಯಂತ್ರ ಹೆಚ್ಚುವರಿಯಾಗಿ ನೂರು ವಾಟ್ ಎಳೆದರೆ ಹತ್ತು ಗಂಟೆಗೆ ಒಂದು ಯೂನಿಟ್. ಸುಮ್ಮನಿದ್ದ ಯಂತ್ರ ದುಡಿಯತೊಡಗಿದರೆ ಬಿಸಿಯೇರುತ್ತದೆ, ಫ್ಯಾನು ಸವೆಯುತ್ತದೆ. ಬಿಡುವಿಗೂ ಬೆಲೆಯಿದೆ. ಮೇಷ್ಟ್ರು ಕಾಗದದ ಮೇಲೆ ಲೆಕ್ಕ ಹಾಕಿದರು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ, ಕಡುಬೇಸಿಗೆಯಲ್ಲಿ ರಜೆ ಎಂದು ಕಟ್ಟು ಮಾಡಿಕೊಂಡರು. ಆಸ್ಪತ್ರೆಗೂ ಒಂದಿಷ್ಟು ಕಳಿಸಿದರು. ಯಾವ ಕಾಯಿಲೆಗೆ ದುಡಿಯಬೇಕು ಎಂದು ಯಂತ್ರ ಕೇಳಿದಾಗ ಅವರು ಒತ್ತಿದ್ದು ಆಲ್ಝೈಮರ್ ಎಂಬ ಹೆಸರನ್ನೇ.

ಇದರಿಂದ ಹೆಂಡತಿಗೆ ನೆನಪು ಮರಳುತ್ತದೆ ಎಂಬ ಭ್ರಮೆ ಅವರಿಗಿಲ್ಲ. ಹೋದ ನೆನಪನ್ನು ತಂದುಕೊಡುವ ಮದ್ದು ಇಂದಿಗೂ ಬಂದಿಲ್ಲ. ನಾಳೆ ಬಂದರೂ ಅದರಲ್ಲಿ ಈ ನಡುಮನೆಯ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಗೋಡೆಯ ಮೇಲೆ ಹೆಸರು ಕೆತ್ತಿಸುವಂಥ ದಾನವಲ್ಲ ಇದು.

ಹೋದ ಆಷಾಢದ ಒಂದು ರಾತ್ರಿ ಆಕೆ ಮತ್ತೆ ಕೇಳಿದರು, "ಯಾರ ಲೆಕ್ಕ?"

"ನಮ್ಮದಲ್ಲ ಕಣೇ. ಯಂತ್ರ ಸುಮ್ಮನೆ ಇತ್ತು, ಬೇರೆಯವರಿಗೆ ಬಳಸೋಕೆ ಕೊಟ್ಟಿದೀನಿ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಿನ್ನೆಯದು ಅಳಿಸಿಹೋಗಿದ್ದರೂ ಸಾಗರದ ಹತ್ತಿರದ ತವರು ಇನ್ನೂ ಅಳಿಸಿರಲಿಲ್ಲ.

"ನಮ್ಮನೆ ಒರಳಿನ ಹಾಗೆ" ಎಂದರು. "ಅಮ್ಮಂದು ರುಬ್ಬಿ ಆದಮೇಲೆ ಕೇರಿಯೋರೆಲ್ಲ ಬಂದು ರುಬ್ಕೊಂಡು ಹೋಗ್ತಿದ್ರು."

ಮೇಷ್ಟ್ರು ಎದ್ದು ಕೂತರು. ಇಷ್ಟು ದಿನ ತಾವು ಹೇಳಿದ ಯಾವ ವಿವರಣೆಯೂ ಇಷ್ಟು ಸಲೀಸಾಗಿರಲಿಲ್ಲ.

"ಆದಮೇಲೆ ತೊಳೆದಿಟ್ಟು ಹೋಗೋಕೆ ಹೇಳಿ" ಎಂದು ಆಕೆ ಮಗ್ಗುಲಾದರು.

ಮರುದಿನ ರಾತ್ರಿ ಹತ್ತಕ್ಕೆ ದೀಪ ಆರಿತು, ಹಸಿರು ಚುಕ್ಕೆ ಹೊತ್ತಿತು. "ಏನ್ರೀ ಅದು ಸದ್ದು?"

"ಒರಳು ಕಣೇ" ಎಂದರು ಮೇಷ್ಟ್ರು. "ಕೇರಿಯೋರು ಬಂದಿದಾರೆ."